ಮನಶ್ಶಾಸ್ತ್ರವನ್ನು ಬುದ್ಧಿವಾದ ಮಾಡಬೇಡಿ

ಚಿತ್ರದುರ್ಗಕ್ಕೆ ಹೋಗಿ, ಹಿರಿಯೂರಿಗೆ ಹೋಗಿ, ಹೊಸದುರ್ಗಕ್ಕೋ ಹೊಳಲ್ಕೆರೆಗೋ ಹೋಗಿ. ಕನ್ನಡ ಪುಸ್ತಕ ಮಾರುವ ಅಂಗಡಿಯಿದ್ದರೆ ಅಲ್ಲಿ ಮನಸ್ಸಿನ ವಿಷಯವಾಗಿ ಬರೆದ ನಾಲ್ಕಾರು ಪುಸ್ತಕಗಳು ಸಿಕ್ಕೇ ಸಿಕ್ಕುತ್ತವೆ. ಕೋಪವನ್ನು ಗೆಲ್ಲುವುದು ಹೇಗೆ, ನೆನಪಿನ ಶಕ್ತಿಯನ್ನು ಬೆಳೆಸಿಕೊಳ್ಳುವುದು ಹೇಗೆ, ಚಿಂತೆಯಿಲ್ಲದೆ ಬಾಳುವುದು ಹೇಗೆ ಎಂಬಂಥ ತಲೆಬರಹಗಳಿಗೆ ಬರವಿಲ್ಲ. ಪತ್ರಿಕೆಗಳಲ್ಲಿಯೂ ಇಂಥ ಲೇಖನಗಳು ಬರುತ್ತಲೇ ಇರುತ್ತವೆ. ಜನ ಓದುತ್ತಾರೆ; ಓದಿದ್ದನ್ನು ಮನೆಯಲ್ಲಿ ನಾಲ್ವರಿಗೆ ಹೇಳುತ್ತಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಉಳಿದುಬಿಡುತ್ತದೆ: ಇದರಲ್ಲಿ ಶಾಸ್ತ್ರವೆಲ್ಲಿದೆ? ಬೆಳಗ್ಗೆ ಬೇಗ ಏಳಿ, ಒಳ್ಳೆಯದನ್ನೇ ಯೋಚಿಸಿ, ಪರರನ್ನು ಕಂಡು ಹೊಟ್ಟೆಕಿಚ್ಚು ಪಡಬೇಡಿ ಎಂದು ಹೇಳುವುದಕ್ಕೆ ಮನಶ್ಶಾಸ್ತ್ರ ಬೇಕಾಗಿರಲಿಲ್ಲ; ನಮ್ಮ ಅಜ್ಜಿಯರು ಸಾಕಾಗಿದ್ದರು.

ನನ್ನ ವಾದ ಸರಳವಾದದ್ದು. ಮನಶ್ಶಾಸ್ತ್ರವನ್ನು ಕನ್ನಡದ ಸಾಮಾನ್ಯ ಓದುಗನಿಗೆ ತಿಳಿಯಹೇಳಲು ಹೊರಟವರು ಅವನಿಗೆ ತೀರ್ಮಾನಗಳನ್ನು ಕೊಡುತ್ತಿದ್ದಾರೆ. ಆ ತೀರ್ಮಾನಕ್ಕೆ ಬಂದ ದಾರಿಯನ್ನು ಕೊಡುತ್ತಿಲ್ಲ. ಏನು ಮಾಡಬೇಕೆಂದು ಹೇಳುತ್ತಾರೆ. ಅದು ಹೇಗೆ ತಿಳಿಯಿತೆಂದು ಹೇಳುವುದಿಲ್ಲ. ದಾರಿಯನ್ನು ಬಿಟ್ಟು ತೀರ್ಮಾನವನ್ನಷ್ಟೇ ಕೊಟ್ಟರೆ ವಿಜ್ಞಾನವು ಬುದ್ಧಿವಾದವಾಗಿಬಿಡುತ್ತದೆ. ಬುದ್ಧಿವಾದ ಹೇಳುವವರು ನಮ್ಮ ಸೀಮೆಯಲ್ಲಿ ಮೊದಲೇ ಬೇಕಾದಷ್ಟು ಮಂದಿ ಇದ್ದಾರೆ: ಕಣಿ ಹೇಳುವವರು, ನಿಮಿತ್ತ ನೋಡುವವರು, ಯಂತ್ರ ಕಟ್ಟುವವರು, ಈಚೆಗೆ ವ್ಯಕ್ತಿತ್ವ ವಿಕಸನದ ಶಿಬಿರ ನಡೆಸುವವರು. ಅವರ ಸಾಲಿನಲ್ಲಿ ವಿಜ್ಞಾನಿಯೂ ಒಬ್ಬನಾಗಿ ನಿಂತರೆ ಹಳ್ಳಿಯವನು ಅವನ ಮಾತನ್ನೇ ಏಕೆ ನಂಬಬೇಕು?

ಹೀಗೆಂದ ಮಾತ್ರಕ್ಕೆ ಹಿಂದಿನವರ ಶ್ರಮವನ್ನು ಅಲ್ಲಗಳೆದಂತಾಗಬಾರದು. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದವರು. 1935ರಲ್ಲಿ ಅವರು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು; ಮುಂದೆ ದೇಶವೆಲ್ಲ ಬಳಸಿದ ಆಕಾಶವಾಣಿ ಎಂಬ ಹೆಸರು ಆ ಕೇಂದ್ರದ್ದು. ಮನಸ್ಸನ್ನು ಅಳೆಯುವ ಶಾಸ್ತ್ರವನ್ನು ಕಲಿಸುತ್ತಿದ್ದವರಿಗೇ ಜನರ ಕಿವಿಗೆ ಮಾತು ಮುಟ್ಟಿಸುವ ಹಂಬಲವೂ ಇತ್ತೆಂಬುದು ಗಮನಿಸತಕ್ಕದ್ದು. 1942ರಿಂದ 1967ರವರೆಗೆ ‘ಕೊರವಂಜಿ’ಯನ್ನು ನಡೆಸಿ ನಾಡನ್ನು ನಗಿಸಿದ ‘ರಾಶಿ’, ಅಂದರೆ ಡಾ. ಎಂ. ಶಿವರಾಂ, ಮನೋರೋಗಗಳ ವಿಷಯವಾಗಿ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಕತೆ ಕಾದಂಬರಿಗಳಿಗೆ ಸಲ್ಲುವ ಗೌರವ ಮನಸ್ಸಿನ ಶಾಸ್ತ್ರದ ಪುಸ್ತಕವೊಂದಕ್ಕೆ ಸಂದದ್ದು ಸಣ್ಣ ಮಾತಲ್ಲ. ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯರಾಗಿ ದುಡಿದ ಡಾ. ಸಿ. ಆರ್. ಚಂದ್ರಶೇಖರ್ ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದು, ಹುಚ್ಚು ಎಂಬುದು ಶಾಪವಲ್ಲ, ಕಾಯಿಲೆ, ಚಿಕಿತ್ಸೆಯುಳ್ಳ ಕಾಯಿಲೆ ಎಂಬ ಮಾತನ್ನು ಕನ್ನಡದ ಮನೆಗಳಿಗೆ ತಲಪಿಸಿದರು.

ಕಾದಂಬರಿಯೂ ಈ ಕೆಲಸವನ್ನು ಮಾಡಿದೆ. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನೇ ಓದಿ ಪದವಿ ಪಡೆದ ತ್ರಿವೇಣಿಯವರು ‘ಶರಪಂಜರ’ವನ್ನು ಬರೆದರು. ಪುಟ್ಟಣ್ಣ ಕಣಗಾಲರು ಅದನ್ನು 1971ರಲ್ಲಿ ಚಿತ್ರವಾಗಿಸಿದರು. ಮರುವರ್ಷವೇ ಅವರು ತ. ರಾ. ಸು. ಅವರ ಕಥೆಯನ್ನು ಹಿಡಿದು ಚಿತ್ರದುರ್ಗದ ಕೋಟೆಗೆ ಬಂದು ‘ನಾಗರಹಾವು’ ಮಾಡಿದರು. ಒಂದರಲ್ಲಿ ಹುಚ್ಚಿಯೆಂದು ಹೆಸರಾದ ಹೆಂಗಸು, ಇನ್ನೊಂದರಲ್ಲಿ ಪುಂಡನೆಂದು ಹೆಸರಾದ ಹುಡುಗ. ಇಬ್ಬರನ್ನೂ ಊರು ಅರ್ಥ ಮಾಡಿಕೊಳ್ಳಲಿಲ್ಲ. ದುರ್ಗದ ಜನ ಇಂದಿಗೂ ರಾಮಾಚಾರಿಯನ್ನು ತಮ್ಮ ಮನೆಯ ಹುಡುಗನೆಂದೇ ತಿಳಿಯುತ್ತಾರೆ. ಇಂಥ ಕತೆಗಳು ಕಣ್ಣು ತೆರೆಸುತ್ತವೆ, ಕರುಣೆಯನ್ನು ಕಲಿಸುತ್ತವೆ. ಆದರೆ ಒಬ್ಬ ರಾಮಾಚಾರಿಯನ್ನು ನೋಡಿ ಎಲ್ಲ ಹುಡುಗರ ವಿಷಯವಾಗಿ ತೀರ್ಮಾನಿಸಲಾಗದು. ಕತೆಗಾರನಿಗೆ ಒಬ್ಬನು ಸಾಕು, ಶಾಸ್ತ್ರಕ್ಕೆ ಸಾಲದು. ಕತೆಯ ಕೆಲಸ ಮುಗಿದಲ್ಲಿ ವಿಜ್ಞಾನ ಬರಹಗಾರನ ಕೆಲಸ ಮೊದಲಾಗಬೇಕು.

ಇಲ್ಲಿ ಪಂಡಿತರದೊಂದು ಆಕ್ಷೇಪಣೆಯಿದೆ. ಜನರಿಗಾಗಿ ಬರೆದದ್ದೆಲ್ಲ ತೆಳುವಾಗುತ್ತದೆ, ಶಾಸ್ತ್ರವು ಶಾಸ್ತ್ರಜ್ಞರಲ್ಲಿಯೇ ಇರತಕ್ಕದ್ದು ಎಂದು ಮೂಗು ಮುರಿಯುವವರು ಅವರು. ಈ ಮಾತನ್ನು ನಾನು ಒಪ್ಪಲಾರೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ‘ತಿರುಕ’ರೆಂಬ ಹೆಸರಿನಿಂದ ಬರೆಯುತ್ತಿದ್ದ ರಾಘವೇಂದ್ರ ಸ್ವಾಮಿಗಳು ಯೋಗವನ್ನು ಗುಟ್ಟಾಗಿ ಉಳಿಸದೆ ಊರೂರಿಗೆ ಹೋಗಿ ಸಾಮಾನ್ಯರಿಗೆ ಕಲಿಸಿದರು, ಅದರಿಂದ ಯೋಗಕ್ಕೇನೂ ಕುಂದು ಬರಲಿಲ್ಲ. ಜನರಿಗೆ ಹೇಳುವುದರಿಂದ ಶಾಸ್ತ್ರ ತೆಳುವಾಗುವುದಿಲ್ಲ. ಜನರಿಗೆ ಇಷ್ಟು ಸಾಕೆಂದು ಬರಹಗಾರನು ತಾನೇ ತೀರ್ಮಾನಿಸಿ, ಗಟ್ಟಿಯಾದದ್ದನ್ನು ತನ್ನ ಬಳಿ ಇಟ್ಟುಕೊಂಡು ತಿಳಿಯನ್ನು ಬಡಿಸಿದರೆ ಆಗ ತೆಳುವಾಗುತ್ತದೆ.

ಗಟ್ಟಿಯಾದದ್ದು ಯಾವುದೆಂಬುದಕ್ಕೆ ನಮ್ಮದೇ ಒಂದು ಗಾದೆಯನ್ನು ತೆಗೆದುಕೊಳ್ಳೋಣ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಇದು ನಗೆಮಾತಾಗಿ ಹುಟ್ಟಿದ್ದಿರಬಹುದು. ಆದರೆ ಗಾದೆಯ ಮೊದಲರ್ಧವನ್ನು ನಿಜವೆಂದೇ ನಂಬಿ ಕಾಯಿಲೆಯ ಹುಡುಗನಿಗೆ ಹೆಣ್ಣು ತರುವ ಮನೆಗಳು ಇಂದಿಗೂ ಉಂಟು. ಇದಕ್ಕೆ ಬುದ್ಧಿವಾದದ ಉತ್ತರವೆಂದರೆ, “ಹಾಗೆ ಮಾಡಬೇಡಿ, ತಪ್ಪು” ಎನ್ನುವುದು. ಆಗ ಮನೆಯ ಹಿರಿಯನು ಹೇಳುತ್ತಾನೆ: “ನಮ್ಮ ಚಿಕ್ಕಪ್ಪನಿಗೆ ಮದುವೆಯಾದ ಮೇಲೆ ವಾಸಿಯಾಯಿತಲ್ಲ!” ಅವನು ಸುಳ್ಳು ಹೇಳುತ್ತಿಲ್ಲ. ಅವನು ಕಂಡದ್ದು ನಿಜ. ವಿಜ್ಞಾನ ಬರಹಗಾರನು ಉತ್ತರಿಸಬೇಕಾದದ್ದು ಈ ಮಾತಿಗೆ.

ಉತ್ತರ ಕಷ್ಟವಾದದ್ದಲ್ಲ. ಮನಸ್ಸಿನ ಕೆಲವು ಕಾಯಿಲೆಗಳು ಅಲೆಯಂತೆ ಏರಿ, ಕೆಲವು ವಾರವೋ ತಿಂಗಳೋ ಇದ್ದು, ತಾವಾಗಿಯೇ ಇಳಿಯುತ್ತವೆ, ಮತ್ತೆ ಏರುತ್ತವೆ. ಮನೆಯವರು ಓಡಾಡುವುದು ಕಾಯಿಲೆ ಅತ್ಯಂತ ಮೇಲಕ್ಕೇರಿದಾಗ. ಅತ್ಯಂತ ಮೇಲಕ್ಕೇರಿದ್ದು ಆಮೇಲೆ ಇಳಿಯುವುದೇ ಹೆಚ್ಚು. ಆ ಹೊತ್ತಿನಲ್ಲಿ ಮದುವೆ ಮಾಡಿದ್ದರೆ ಮದುವೆಯಿಂದ ವಾಸಿಯಾಯಿತೆನ್ನುತ್ತಾರೆ. ತಾಯಿತ ಕಟ್ಟಿಸಿದ್ದರೆ ತಾಯಿತದಿಂದ. ಒಂದು ಮಂಡಲ ಗುಡಿಯಲ್ಲಿ ಇರಿಸಿದ್ದರೆ ದೇವರಿಂದ. ಏನೂ ಮಾಡದೆ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ. ಮದುವೆಯಾಗಿಯೂ ವಾಸಿಯಾಗದವರ, ಆಗದೆಯೇ ವಾಸಿಯಾದವರ ಲೆಕ್ಕವೂ ಬೇಕು. ಈ ನಾಲ್ಕು ಗುಂಪುಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡುವುದೇ ಶಾಸ್ತ್ರದ ಮೊದಲ ಪಾಠ. ಇದನ್ನು ಒಮ್ಮೆ ತಿಳಿದ ಓದುಗನು ಮದುವೆಯ ಗಾದೆಯೊಂದನ್ನೇ ಅಲ್ಲ, ನಾಳೆ ಬರಲಿರುವ ನೂರು ಗಾದೆಗಳನ್ನೂ ತಾನೇ ತೂಗಿ ನೋಡಬಲ್ಲ. ಬುದ್ಧಿವಾದದಿಂದ ಇದು ಆಗದು.

ಸಾಮಾನ್ಯ ಓದುಗನಿಗೆ ಇಂಥ ಲೆಕ್ಕಾಚಾರ ಹತ್ತುವುದಿಲ್ಲವೆಂದು ಹೇಳುವವರು ರೈತನನ್ನು ನೋಡಿಲ್ಲವೆಂದೇ ಹೇಳಬೇಕು. ಹೊಸ ಬಗೆಯ ಶೇಂಗಾ ಬೀಜ ಬಂದಿತೆನ್ನಿ. ಹಿರಿಯೂರಿನ ಜಾಣ ಬೇಸಾಯಗಾರನು ಹೊಲವನ್ನೆಲ್ಲ ಅದಕ್ಕೆ ಒಪ್ಪಿಸುವುದಿಲ್ಲ. ಒಂದು ಮೂಲೆಗೆ ಹೊಸದನ್ನು ಹಾಕಿ, ಪಕ್ಕದಲ್ಲಿ ಹಳೆಯದನ್ನೇ ಬಿತ್ತಿ, ಎರಡಕ್ಕೂ ಅದೇ ಗೊಬ್ಬರ, ಅದೇ ಮಳೆ ಸಿಕ್ಕಿತೇ ಎಂದು ನೋಡುತ್ತಾನೆ. ಒಂದು ವರ್ಷದ ಬೆಳೆಯನ್ನು ನೋಡಿ ಮರುಳಾಗದೆ ಮರುವರ್ಷವೂ ಪರೀಕ್ಷಿಸುತ್ತಾನೆ. ಪಕ್ಕದ ಊರಿನವನಿಗೂ ಹಾಗೆಯೇ ಬಂದಿತೇ ಎಂದು ಕೇಳುತ್ತಾನೆ. ಪ್ರಯೋಗಶಾಲೆಯ ಮನಶ್ಶಾಸ್ತ್ರಜ್ಞನು ಮಾಡುವುದು ಇದನ್ನೇ. ಬೀಜದ ವಿಷಯದಲ್ಲಿ ಇಷ್ಟು ಎಚ್ಚರವಿರುವವನಿಗೆ ಮಗನ ಮನಸ್ಸಿನ ವಿಷಯದಲ್ಲಿ ಅದೇ ಎಚ್ಚರವನ್ನು ಬಳಸಲು ಕಲಿಸಬಾರದೇ?

ಬುದ್ಧಿವಾದದಷ್ಟೇ ತೊಂದರೆಯ ಇನ್ನೊಂದು ಬಗೆಯ ಬರಹವಿದೆ. “ಅಮೆರಿಕದ ಸಂಶೋಧಕರು ಕಂಡುಹಿಡಿದಿದ್ದಾರೆ” ಎಂದು ಮೊದಲಾಗುವ ಬರಹ ಅದು. ಇದರಲ್ಲಿ ಸಂಶೋಧನೆಯ ಹೆಸರಿರುತ್ತದೆ, ಸಂಶೋಧನೆಯಿರುವುದಿಲ್ಲ. ಮಿಠಾಯಿಯ ಪ್ರಯೋಗವನ್ನು ಬಹಳ ಮಂದಿ ಓದಿರಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಷೆಲ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದ ಕೊನೆಯಿಂದ ಇದನ್ನು ನಡೆಸಿದರು. ಮಗುವಿನ ಮುಂದೆ ಒಂದು ಮಿಠಾಯಿಯಿಟ್ಟು, ನಾನು ಬರುವ ತನಕ ತಿನ್ನದೆ ಕಾದರೆ ಎರಡು ಕೊಡುತ್ತೇನೆಂದು ಹೇಳುವುದು. ಕಾದ ಮಕ್ಕಳು ದೊಡ್ಡವರಾದ ಮೇಲೆ ಪರೀಕ್ಷೆಗಳಲ್ಲಿ ಮುಂದಾದರೆಂದು ತಿಳಿಯಬಂತು. ಅಷ್ಟೇ ಸಾಕಾಯಿತು, ಸಂಯಮವೇ ಯಶಸ್ಸಿನ ಗುಟ್ಟೆಂದು ಜಗತ್ತೆಲ್ಲ ಬರೆದರು, ಕನ್ನಡದಲ್ಲಿಯೂ ಬರೆದರು.

ಮುಂದಿನ ಕತೆಯನ್ನು ಬರೆದವರು ಕಡಮೆ. 2018ರಲ್ಲಿ ವಾಟ್ಸ್, ಡಂಕನ್ ಮತ್ತು ಕ್ವಾನ್ ಎಂಬವರು 900ಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಪರಿಶೀಲಿಸಿದರು. ಅವರಲ್ಲಿ ಕಾಲೇಜು ಕಾಣದ ತಾಯಂದಿರ ಮಕ್ಕಳೂ ಬಹಳ ಮಂದಿ ಇದ್ದರು. ಮೊದಲು ಹೇಳಿದ್ದ ಸಂಬಂಧ ಅರ್ಧಕ್ಕಿಳಿಯಿತು. ಮನೆಯ ಸ್ಥಿತಿಗತಿಯನ್ನೂ ಮಗುವಿನ ಮೊದಲ ಬುದ್ಧಿಶಕ್ತಿಯನ್ನೂ ಲೆಕ್ಕಕ್ಕೆ ಹಿಡಿದಾಗ ಉಳಿದುದರಲ್ಲಿಯೂ ಮೂರನೆಯ ಎರಡು ಪಾಲು ಕರಗಿತು. ಅದಕ್ಕೂ ಮೊದಲು, 2013ರಲ್ಲಿ, ರೋಚೆಸ್ಟರಿನಲ್ಲಿ 28 ಮಕ್ಕಳನ್ನಿಟ್ಟುಕೊಂಡು ಇನ್ನೊಂದು ಪ್ರಯೋಗ ನಡೆಯಿತು. ದೊಡ್ಡವರು ಮೊದಲು ಕೊಟ್ಟ ಮಾತನ್ನು ನಡೆಸಿಕೊಟ್ಟಿದ್ದರೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತಿಗೆ ತಪ್ಪಿದ್ದರೆ 3 ನಿಮಿಷ. ಅಂದರೆ ಕಾಯುವುದು ಮಗುವಿನ ಗುಣ ಮಾತ್ರವಲ್ಲ, ಮಾತು ಕೊಟ್ಟವನ ಗುಣವೂ ಹೌದು.

ಈ ಎರಡನೆಯ ಅರ್ಧವೇ ನಮ್ಮ ಸೀಮೆಗೆ ಹೆಚ್ಚು ಬೇಕಾದದ್ದು. 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಹುಟ್ಟಿ ಬೆಳೆದು ತೀರಿಹೋದವರಿದ್ದಾರೆ. ಭದ್ರಾ ಮೇಲ್ದಂಡೆಯ ನೀರಿಗಾಗಿ ಈ ಜಿಲ್ಲೆ ಕಾದ ಕಾಲವನ್ನು ದಶಕಗಳಲ್ಲಿ ಎಣಿಸಬೇಕು. ಇಂಥಲ್ಲಿ ಬೆಳೆದ ಹುಡುಗ ಕೈಗೆ ಬಂದದ್ದನ್ನು ಇಂದೇ ತಿಂದರೆ ಅವನಿಗೆ ಸಂಯಮವಿಲ್ಲವೆಂದು ಬೋಧಿಸುವುದು ನ್ಯಾಯವೇ? ಪ್ರಯೋಗದ ಪೂರ್ಣ ಕತೆಯನ್ನು ಹೇಳಿದ್ದರೆ ಮೇಷ್ಟರು ಹುಡುಗನನ್ನು ಬೈಯುವ ಮೊದಲು ಒಮ್ಮೆ ಯೋಚಿಸುತ್ತಿದ್ದರು. ಅರ್ಧ ಕತೆ ಹೇಳಿದ್ದರಿಂದ ಬೈಗುಳಕ್ಕೆ ವಿಜ್ಞಾನದ ಮುದ್ರೆ ಬಿತ್ತು.

ಇದು ಒಂದೇ ಪ್ರಯೋಗದ ಹಣೆಬರಹವಲ್ಲ. ಮನಶ್ಶಾಸ್ತ್ರದ ಮೂರು ಹೆಸರಾಂತ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಅನೇಕ ವಿಜ್ಞಾನಿಗಳು ಕೂಡಿ ಮತ್ತೊಮ್ಮೆ ಮಾಡಿ ನೋಡಿ 2015ರಲ್ಲಿ ಫಲವನ್ನು ಪ್ರಕಟಿಸಿದರು. ಮೂಲದಲ್ಲಿ 100ಕ್ಕೆ 97 ಅಧ್ಯಯನಗಳು ಗಣನೀಯ ಫಲ ತೋರಿದ್ದುವು. ಎರಡನೆಯ ಸಲ ಹಾಗೆ ತೋರಿದವು 36 ಮಾತ್ರ. ಇನ್ನೊಂದು ಲೆಕ್ಕ: 2010ರಲ್ಲಿ ಹೆನ್ರಿಕ್ ಮತ್ತು ಜೊತೆಗಾರರು ತೋರಿಸಿಕೊಟ್ಟಂತೆ, ಪ್ರಮುಖ ಪತ್ರಿಕೆಗಳ ಅಧ್ಯಯನಗಳಲ್ಲಿ ಪಾಲುಗೊಂಡವರಲ್ಲಿ ನೂರಕ್ಕೆ 96 ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು, ಆ ದೇಶಗಳಲ್ಲಿರುವುದು ಜಗತ್ತಿನ ಜನಸಂಖ್ಯೆಯ ನೂರಕ್ಕೆ 12 ಪಾಲು. ಹೀಗಿರುವಲ್ಲಿ “ಮನುಷ್ಯನ ಮನಸ್ಸು ಹೀಗೆ” ಎಂದು ಬರೆಯುವ ಮುನ್ನ “ಯಾವ ಊರಿನ ಮನುಷ್ಯನ ಮನಸ್ಸು?” ಎಂದು ಕೇಳಬೇಡವೇ? ಈ ದೋಷಗಳನ್ನು ಹೊರಗೆಡಹಿದವರು ಮನಶ್ಶಾಸ್ತ್ರದ ವೈರಿಗಳಲ್ಲ, ಮನಶ್ಶಾಸ್ತ್ರಜ್ಞರೇ ಎಂಬುದನ್ನೂ ಓದುಗನಿಗೆ ಹೇಳಬೇಕು. ತನ್ನ ತಪ್ಪನ್ನು ತಾನೇ ಹುಡುಕಿ ಅಚ್ಚು ಹಾಕಿಸುವ ವಿದ್ಯೆ ವಿಜ್ಞಾನವೊಂದೇ. ಯಂತ್ರ ಕಟ್ಟುವವನು ಕಟ್ಟಿದ ನೂರು ಯಂತ್ರಗಳಲ್ಲಿ ಎಷ್ಟು ಫಲಿಸಲಿಲ್ಲವೆಂದು ಪ್ರಕಟಿಸಿದ್ದುಂಟೇ?

ಹೊರಗಿನದರ ಮಾತಾಯಿತು. ನಮ್ಮ ನೆಲದಲ್ಲಿಯೇ ನಡೆದ ಸಂಶೋಧನೆಗಳ ಗತಿಯಾದರೂ ಏನು? ಹಿತ್ತಿಲ ಗಿಡ ಮದ್ದಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ‘ವಿಜ್ಞಾನ ಪ್ರಪಂಚ’ವನ್ನು ಕನ್ನಡಕ್ಕೆ ಕೊಟ್ಟ ಶಿವರಾಮ ಕಾರಂತರು ಹುಟ್ಟಿದ ಊರು ಕೋಟ. ಅದೇ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಿಗೆ ಹೋಗಿ ಜನರ ಮನಸ್ಸಿನ ಸಂಕಟಗಳನ್ನು ಎಣಿಸಿ 1976ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಸಂಕಟ ಬಂದವರು ವೈದ್ಯ, ಮಂತ್ರವಾದಿ, ಪಾತ್ರಿ, ಡಾಕ್ಟರು ಎಲ್ಲರ ಬಳಿಗೂ ಹೋಗುತ್ತಿದ್ದರೆಂಬುದು ಅವರು ಕಂಡ ಸಂಗತಿಗಳಲ್ಲೊಂದು. ಕನ್ನಡಿಗರು ಕೊಟ್ಟ ಉತ್ತರಗಳಿಂದ ಕಟ್ಟಿದ ಪುಸ್ತಕ ಕನ್ನಡಿಗರ ಎಷ್ಟು ಮನೆಗಳಲ್ಲಿದೆ? ಮೊಳಕಾಲ್ಮೂರಿನ ಗಡಿ ದಾಟಿದರೆ ಬಳ್ಳಾರಿ. ಅಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಕ್ಕೆ ಹಳ್ಳಿಯ ಹತ್ತಿರದಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಮೊದಲಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ವರ್ಷಗಟ್ಟಲೆ ಬಿಡದೆ ಗಮನಿಸಿ ಚಿಕಿತ್ಸೆಯ ಫಲವನ್ನು ಅಳೆದಿದ್ದಾರೆ. ಸ್ಟ್ಯಾನ್‌ಫರ್ಡಿನ ಮಿಠಾಯಿ ನಮಗೆ ಗೊತ್ತು, ತುರುವೇಕೆರೆಯ ಲೆಕ್ಕ ಗೊತ್ತಿಲ್ಲ!

ಇದರಿಂದ ಏನು ನಷ್ಟ ಎನ್ನಬಹುದು. ನಷ್ಟ ಯಾರಿಗೆಂದು ಹೇಳುತ್ತೇನೆ. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯನ್ನು ಕೂಸಿನೊಡನೆ ಊರ ಹೊರಗಿನ ಗುಡಿಸಿಲಲ್ಲಿ ಇರಿಸುವ ಪದ್ಧತಿ ಉಳಿದುಬಂದಿದೆ. ಹಟ್ಟಿಗಳ ಒಳಗಿನಿಂದಲೇ ಅದರ ವಿರುದ್ಧ ದನಿಯೆದ್ದಿದೆಯೆಂಬುದನ್ನೂ ಹೇಳಬೇಕು. 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹೀಗೆ ಹೊರಗಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಾಗ ನಾಡೆಲ್ಲ ಮಾತನಾಡಿತು. ಮಳೆಯ ಮಾತು ಬಂತು, ಚಳಿಯ ಮಾತು ಬಂತು. ತಾಯಿಯ ಮನಸ್ಸಿನ ಮಾತು ಅಷ್ಟಾಗಿ ಬರಲಿಲ್ಲ.

ಹೆರಿಗೆಯ ನಂತರ ಮನಸ್ಸು ಕುಗ್ಗುವುದು ಅಪರೂಪವಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳ, 20,043 ತಾಯಂದಿರ ಲೆಕ್ಕವನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಂತೆ ನೂರಕ್ಕೆ ಸುಮಾರು 22 ತಾಯಂದಿರಲ್ಲಿ ಬಾಣಂತಿ ಖಿನ್ನತೆ ಕಂಡುಬಂದಿದೆ. ಆಸ್ಪತ್ರೆಯಲ್ಲಿ ಎಣಿಸಿದಾಗ ಹೆಚ್ಚು, ಊರಿನಲ್ಲಿ ಎಣಿಸಿದಾಗ ಸ್ವಲ್ಪ ಕಡಮೆ; ಹಾಗಾಗಿ ಆ 22ನ್ನು ಶಿಲಾಶಾಸನವೆಂದು ತಿಳಿಯಬೇಕಾಗಿಲ್ಲ. ಇದಕ್ಕಿಂತ ಉಗ್ರವಾದ ಬಾಣಂತಿ ಉನ್ಮಾದ ಸಾವಿರಕ್ಕೆ ಒಬ್ಬಿಬ್ಬರಲ್ಲಿ ಬರುತ್ತದೆ. ತಾಯಿ ನಿದ್ದೆಗೆಡುತ್ತಾಳೆ, ಇಲ್ಲದ ಮಾತು ಕೇಳುತ್ತಾಳೆ, ಒಮ್ಮೊಮ್ಮೆ ಕೂಸಿಗೂ ತನಗೂ ಅಪಾಯವಾಗುತ್ತಾಳೆ. ‘ಶರಪಂಜರ’ದ ಕಾವೇರಿಯ ಕಾಯಿಲೆಯೂ ಬಾಣಂತನದ್ದೇ. ಎರಡಕ್ಕೂ ಚಿಕಿತ್ಸೆಯಿದೆ, ಬೇಗ ಗುರುತಿಸಿದಷ್ಟೂ ಒಳ್ಳೆಯದು. ಆದರೆ ಗುರುತಿಸುವುದಕ್ಕೆ ಹತ್ತಿರ ಒಬ್ಬರು ಇರಬೇಕು. ನಾಲ್ಕು ಮಂದಿಯ ಆಸರೆ ಅತ್ಯಂತ ಬೇಕಾದ ದಿನಗಳಲ್ಲಿ ತಾಯಿ ಒಂಟಿಯಾಗಿರುತ್ತಾಳೆ. ಅವಳು ಬದಲಾದರೆ “ಗಾಳಿ ಸೋಕಿದೆ” ಎನ್ನುತ್ತಾರೆ. ಆ ಹಟ್ಟಿಯ ಮಗಳೊಬ್ಬಳು ಶಾಲೆಯಲ್ಲಿ ಓದಿ, ಮೇಲಿನ ನಾಲ್ಕು ವಾಕ್ಯಗಳನ್ನು ಕನ್ನಡದಲ್ಲಿ ಎಲ್ಲೋ ಕಂಡು, ಅಜ್ಜಿಗೆ ಹೇಳುವಂತಾದರೆ ಒಂದು ಜೀವ ಉಳಿಯಬಹುದು. “ತಾಯಂದಿರೇ, ಸಂತೋಷವಾಗಿರಿ” ಎಂಬ ಬುದ್ಧಿವಾದದಿಂದ ಯಾವ ಜೀವವೂ ಉಳಿಯದು.

ಇನ್ನು ಪದಗಳ ಮಾತು. ಖಿನ್ನತೆ ಒಳ್ಳೆಯ ಪದ. ಆದರೆ ಹೊಸದುರ್ಗದ ಹಳ್ಳಿಯ ಹೆಂಗಸು ಆಸ್ಪತ್ರೆಗೆ ಬಂದು “ನನಗೆ ಖಿನ್ನತೆಯಾಗಿದೆ” ಎನ್ನುವುದಿಲ್ಲ. “ಎದೆ ಹೊಡಕೊಳ್ತದೆ, ಮೈಕೈ ನೋವು, ಯಾವ್ದೂ ಬ್ಯಾಡ ಅನ್ಸುತ್ತೆ” ಎನ್ನುತ್ತಾಳೆ. ಪುಸ್ತಕ ಬರೆಯುವವನು ಇವಳ ಮಾತನ್ನು ಖಿನ್ನತೆಯ ಪಕ್ಕದಲ್ಲಿಯೇ ಬರೆಯದಿದ್ದರೆ ತನ್ನ ಕಾಯಿಲೆಯ ವಿಷಯವೇ ಆ ಪುಸ್ತಕದಲ್ಲಿದೆಯೆಂದು ಅವಳಿಗೆ ತಿಳಿಯುವುದಾದರೂ ಹೇಗೆ?

ಕೊನೆಯದಾಗಿ ಒಂದು ಗಂಭೀರವಾದ ಆಕ್ಷೇಪಣೆಯಿದೆ. ಅದನ್ನು ಎತ್ತುವವರು ವೈದ್ಯರು. “ಜನ ಈಗಾಗಲೇ ಚಿಕಿತ್ಸೆಗೆ ಹೆದರುತ್ತಾರೆ, ಸಂಶೋಧನೆಯ ಹುಳುಕುಗಳನ್ನೂ ಅವರ ಮುಂದೆ ಹರಡಿದರೆ ಮತ್ತೆ ಮಂತ್ರವಾದಿಯ ಬಳಿಗೇ ಹೋಗುವುದಿಲ್ಲವೇ?” ಈ ಭಯ ನಿರಾಧಾರವಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಮನಸ್ಸಿನ ಒಂದಲ್ಲ ಒಂದು ಕಾಯಿಲೆಯಿತ್ತು; ಕಾಯಿಲೆಗೆ ಅನುಸಾರವಾಗಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2001ರಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಸರಪಳಿ ಬಿಗಿದಿದ್ದ 28 ಮಂದಿ ಬೆಂಕಿಯಲ್ಲಿ ಸತ್ತರು. ಹೀಗೆ ಸರಪಳಿ ಬಿಗಿಯುವುದನ್ನು 2017ರ ಕಾನೂನು ನಿಷೇಧಿಸಿತು. ಇಂಥ ದೇಶದಲ್ಲಿ ಸಂಶಯವನ್ನು ಬಿತ್ತುವಾಗ ಎಚ್ಚರ ಬೇಕು, ನಿಜ.

ಆದರೆ ಎಚ್ಚರವೆಂದರೆ ಮುಚ್ಚಿಡುವುದಲ್ಲ, ಬೇರ್ಪಡಿಸಿ ಹೇಳುವುದು. ಸ್ಕಿಜೋಫ್ರೀನಿಯಾಕ್ಕೆ ಔಷಧ ಫಲಕಾರಿಯೆಂಬುದು ಎಷ್ಟೋ ದೇಶಗಳಲ್ಲಿ, ಎಷ್ಟೋ ಸಲ ಪರೀಕ್ಷಿಸಿದ ಮಾತು. ಮಿಠಾಯಿ ಕಾದ ಹುಡುಗ ಮುಂದೆ ಜಾಣನಾಗುತ್ತಾನೆಂಬುದು ಅಂಥದಲ್ಲ. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರೆ, ಎರಡನೆಯದು ಬಿದ್ದ ದಿನ ಓದುಗನು ಮೊದಲನೆಯದನ್ನೂ ಕೈಬಿಡುತ್ತಾನೆ. ಗಟ್ಟಿಯಾದದ್ದನ್ನು ಗಟ್ಟಿಯೆಂದೂ, ಅಲುಗಾಡುವುದನ್ನು ಅಲುಗಾಡುತ್ತದೆಯೆಂದೂ ಹೇಳಿದ ಬರಹಗಾರನ ಮಾತನ್ನೇ ಜನ ಕೊನೆಯ ತನಕ ನಂಬುವುದು. ಆ ರಾಷ್ಟ್ರೀಯ ಸಮೀಕ್ಷೆಯ ವಿಷಯದಲ್ಲಿಯೂ, ಅದು ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಕೋಲಾರದಲ್ಲಿ ಪೂರ್ವಪರೀಕ್ಷೆ ಮಾತ್ರ ನಡೆದಿತ್ತು ಎಂದು ಸೇರಿಸಿ ಹೇಳುವುದು ಬರಹಗಾರನ ಧರ್ಮ. ಅದರಿಂದ ಸಂಖ್ಯೆಯ ಬೆಲೆ ಇಳಿಯುವುದಿಲ್ಲ. ಓದುಗನ ಬೆಲೆ ಏರುತ್ತದೆ.

ಆದುದರಿಂದ ಮನಸ್ಸಿನ ವಿಷಯವಾಗಿ ಕನ್ನಡದಲ್ಲಿ ಬರೆಯುವ ಪ್ರತಿಯೊಬ್ಬರಲ್ಲಿಯೂ, ಅದನ್ನು ಅಚ್ಚು ಹಾಕುವ ಸಂಪಾದಕರಲ್ಲಿಯೂ ನನ್ನ ಕೇಳಿಕೆ ಇದು. ಸಂಶೋಧನೆಯ ಹೆಸರು ಹೇಳಿದಲ್ಲೆಲ್ಲ ನಾಲ್ಕು ಮಾತು ಸೇರಿಸಿ: ಯಾರ ಮೇಲೆ ಮಾಡಿದ್ದು, ಎಷ್ಟು ಮಂದಿಯ ಮೇಲೆ, ಯಾರೊಡನೆ ಹೋಲಿಸಿ, ಬೇರೆಯವರು ಮಾಡಿದಾಗಲೂ ಹಾಗೆಯೇ ಬಂದಿತೇ. ನಾಲ್ಕು ಸಾಲು ಸಾಕು. ಹೇಳುವುದಕ್ಕೆ ಸ್ಥಳವೂ ಉಂಟು. ಚಿತ್ರದುರ್ಗದಲ್ಲಿ ಆಕಾಶವಾಣಿ ಕೇಂದ್ರವಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಾಟಕಗಳನ್ನು ಹೊತ್ತು ನಾಡನ್ನು ಸುತ್ತಿದೆ. ಬಾಣಂತಿಯ ಮನಸ್ಸನ್ನು ಕುರಿತ ನಾಟಕವೊಂದನ್ನು ಅಲ್ಲಿ ಆಡಬಾರದೆಂದೇನೂ ಇಲ್ಲ. 2022ರ ಅಕ್ಟೋಬರಿನಲ್ಲಿ ಮೊದಲಾದ ಟೆಲಿಮಾನಸ್ ದೂರವಾಣಿಯ ಸಂಖ್ಯೆ 14416. ಅದಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದೆಂಬ ಒಂದು ಸಾಲು ನೂರು ಬುದ್ಧಿವಾದಗಳಿಗಿಂತ ಮೇಲು.

ಓದುಗರಲ್ಲಿಯೂ ಒಂದು ಮಾತು. ಮುಂದಿನ ಸಲ “ವಿಜ್ಞಾನಿಗಳು ಹೇಳಿದ್ದಾರೆ” ಎಂದು ಯಾರಾದರೂ ಬರೆದರೆ, ಹೊಸ ಬೀಜ ಮಾರಲು ಬಂದವನನ್ನು ಕೇಳುವಂತೆಯೇ ಅವನನ್ನೂ ಕೇಳಿ: ನಿನಗೆ ಹೇಗೆ ಗೊತ್ತಾಯಿತಪ್ಪಾ? ಉತ್ತರ ಕೊಡುವವನನ್ನು ಓದಿ. ಕೊಡದವನು ಎಷ್ಟು ದೊಡ್ಡ ಪದವಿಯನ್ನು ಹೆಸರಿನ ಮುಂದೆ ಹಾಕಿಕೊಂಡಿದ್ದರೂ ಅವನನ್ನು ಕಣಿ ಹೇಳುವವರ ಸಾಲಿನಲ್ಲಿಯೇ ಕೂರಿಸಿ.